ಮಗಳು ಚುರುಕು, ಟೀಚರ್ ಹತ್ತಿರ ಹೇಗೆ ಮಾತಾಡೋದು?

ಕಾಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಓದ್ತಾ ಇರ್ತೀನಿ, ಬರೆಯೋದು ಇದೇ ಮೊದಲು. ನಾವು ಅಮೆರಿಕಕ್ಕೆ ಬಂದು ಹೆಚ್ಚು ಕಾಲ ಆಗಿಲ್ಲ. ಮಗಳು ಮೂರನೇ ತರಗತಿ. ಲೆಕ್ಕ, ಓದು ಎರಡರಲ್ಲೂ ಮುಂದಿದ್ದಾಳೆ. ಶಾಲೆಯಲ್ಲಿ ಕೊಡೋ ಮ್ಯಾಪ್ ಅನ್ನೋ ಪರೀಕ್ಷೆಯಲ್ಲಿ ಗಣಿತಕ್ಕೆ 97ನೇ ಪರ್ಸೆಂಟೈಲ್ ಬಂದಿದೆ, ಅಂದ್ರೆ ನೂರರಲ್ಲಿ ಸುಮಾರು 97 ಮಕ್ಕಳಿಗಿಂತ ಮುಂದೆ. ಆದರೆ ಕ್ಲಾಸಿನಲ್ಲಿ ವರ್ಕ್‌ಶೀಟ್ ಬೇಗ ಮುಗಿಸಿದ್ರೆ ಅದೇ ಥರದ ಇನ್ನೊಂದು ಹಾಳೆ ಕೊಡ್ತಾರಂತೆ, ಇಲ್ಲಾಂದ್ರೆ ಪಕ್ಕದ ಮಕ್ಕಳಿಗೆ ಹೇಳಿಕೊಡು ಅಂತಾರಂತೆ. ಈಗ ಬೇಕಂತಲೇ ನಿಧಾನ ಮಾಡ್ತಾಳೆ. ಯಾಕೆ ಅಂತ ಕೇಳಿದ್ರೆ "ಬೇಗ ಮುಗಿಸಿದ್ರೆ ಜಾಸ್ತಿ ಕೆಲಸ ಕೊಡ್ತಾರಮ್ಮ" ಅಂದಳು. ಸೋಮವಾರ ಬಂತು ಅಂದ್ರೆ ಹೊಟ್ಟೆನೋವು.

ಹೋದ ಸಲ ಟೀಚರ್ ಸಿಕ್ಕಾಗ "ಅವಳು ಚೆನ್ನಾಗೇ ಮಾಡ್ತಿದ್ದಾಳೆ, ಆದರೆ ಅಜಾಗರೂಕತೆಯ ತಪ್ಪುಗಳು ಜಾಸ್ತಿ, ಲೆಕ್ಕದ ಹಂತಗಳನ್ನು ಬರೆಯೋದೇ ಇಲ್ಲ" ಅಂತ ಹೇಳಿ ಮುಗಿಸಿಬಿಟ್ಟರು. ಚುರುಕು ಮಕ್ಕಳಿಗೆಂದೇ ಇರೋ ಗಿಫ್ಟೆಡ್ ಪ್ರೋಗ್ರಾಂ ನಮ್ಮ ಶಾಲಾ ಜಿಲ್ಲೆಯಲ್ಲಿ ನಾಲ್ಕನೇ ತರಗತಿಯಿಂದ ಶುರು. ಯಜಮಾನರು "ಟೀಚರ್‌ಗೆ ತೊಂದರೆ ಕೊಡಬೇಡ, ಹೊಸಬರು ನಾವು, ಮಗುವಿನ ಮೇಲೆ ತೀರಿಸಿಕೊಂಡಾರು" ಅಂತಾರೆ. ಮುಂದಿನ ವಾರ ಪೇರೆಂಟ್-ಟೀಚರ್ ಮೀಟಿಂಗ್ ಇದೆ, ನಮಗೆ ಸಿಗೋದು ಕಾಲು ಗಂಟೆ. ಏನು ಕೇಳಬೇಕು, ಹೇಗೆ ಕೇಳಬೇಕು? ಮಗಳನ್ನು ಹೊಗಳಿಕೊಳ್ಳೋಕೆ ಬಂದಿದ್ದಾರೆ ಅಂತ ಅವರಿಗೆ ಅನ್ನಿಸಬಾರದು. ಅನುಭವ ಇರೋರು ದಯವಿಟ್ಟು ಹೇಳಿ.

ಹೊಂಗೆಮರ:
ನಮ್ಮ ಮನೆಯಲ್ಲೂ ಇದೇ ಕಥೆ, ನಮ್ಮವನು ಎರಡನೇ ತರಗತಿ. ಉತ್ತರಗಳಿಗೆ ಕಾಯ್ತಿದ್ದೇನೆ.

ಮುಂಜಾವು:
ನೋಡಮ್ಮ, ಚಿಂತೆ ಬೇಡ. ನಾವು ಬಂದ ಕಾಲಕ್ಕೆ ಕೇಳೋಣ ಅಂದರೆ ಇಂಥ ಗುಂಪುಗಳೂ ಇರಲಿಲ್ಲ. ನನ್ನ ಮಗಳೂ ಹೀಗೇ ಇದ್ದಳು. ವಾರಕ್ಕೊಮ್ಮೆ ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಬಿಡುತ್ತಿದ್ದೆ, ಬುಟ್ಟಿ ತುಂಬ ಪುಸ್ತಕ ತರುತ್ತಿದ್ದಳು. ಮ್ಯಾಥ್ ಕಾಂಗರೂ ಎಂಬ ಗಣಿತ ಸ್ಪರ್ಧೆ ಬರೆಸಿ, ಒಂದನೇ ತರಗತಿಯಿಂದಲೇ ಬರೆಯಬಹುದು. ಆಮೇಲೆ ಎಎಂಸಿ 8 ಎಂಬ ಇನ್ನೊಂದು ಗಣಿತ ಸ್ಪರ್ಧೆ ಇದೆ, 40 ನಿಮಿಷಕ್ಕೆ 25 ಪ್ರಶ್ನೆ, ಎಂಟನೇ ತರಗತಿಯವರೆಗಿನ ಮಕ್ಕಳು ಕೂರಬಹುದು. ನನ್ನ ಮಗಳು ಇವತ್ತು ಗಣಿತದಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಶಾಲೆಯ ಬಾಗಿಲಿಗೆ ನಾನು ಹೋದದ್ದೇ ಕಡಿಮೆ. ಪುಸ್ತಕ ಕೊಡಿ, ಮಿಕ್ಕಿದ್ದು ತಾನಾಗಿ ಆಗುತ್ತದೆ.

ಕಪ್ಪುಹಲಗೆ:
ಕಾಡುಮಲ್ಲಿಗೆಯವರೇ, ನಾನು ಇಲ್ಲೇ ಎಲಿಮೆಂಟರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮೇಜಿನ ಆ ಕಡೆ ಕೂತು ಇಂಥ ಮಾತು ಕೇಳುವವಳು ನಾನು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

"ಅವಳಿಗೆ ಬೋರ್ ಆಗ್ತಿದೆ" ಎಂದು ಶುರು ಮಾಡಬೇಡಿ. ನೀವು ಹೇಳುವುದು ನಿಜವೇ. ಆದರೆ ಟೀಚರ್ ಕಿವಿಗೆ ಅದು "ನಿಮ್ಮ ಪಾಠ ಸಪ್ಪೆ" ಎಂದು ಕೇಳಿಸುತ್ತದೆ, ಅಲ್ಲಿಂದ ಮುಂದಿನ ಕಾಲು ಗಂಟೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲೇ ಕಳೆಯುತ್ತಾರೆ. "ಗಿಫ್ಟೆಡ್" ಎಂಬ ಪದವನ್ನೂ ಮೊದಲ ಭೇಟಿಯಲ್ಲಿ ತರಬೇಡಿ, ಅದು ಜಿಲ್ಲೆಯ ಪರೀಕ್ಷೆ, ಅರ್ಜಿಗಳ ಮಾತಾಗಿಬಿಡುತ್ತದೆ. ಬದಲಿಗೆ ಒಂದು ಪ್ರಶ್ನೆ ಕೇಳಿ: "ಕೆಲಸ ಬೇಗ ಮುಗಿದಾಗ ಅವಳು ಏನು ಮಾಡುತ್ತಾಳೆ, ನಿಮಗೆ ಏನು ಕಾಣಿಸುತ್ತದೆ?" ಕೇಳಿ ಸುಮ್ಮನಿರಿ. ಅವರು ಹೇಳುವುದರಲ್ಲೇ ಅರ್ಧ ವಿಷಯ ಸಿಗುತ್ತದೆ. ಆಮೇಲೆ ಅವಳು ಬೇಕೆಂದೇ ನಿಧಾನ ಮಾಡುವುದು, ಸೋಮವಾರದ ಹೊಟ್ಟೆನೋವು, "ಬೇಗ ಮುಗಿಸಿದ್ರೆ ಜಾಸ್ತಿ ಕೆಲಸ" ಎಂದ ಮಾತು, ಇವನ್ನು ಹಾಗೆಯೇ ಹೇಳಿ. ಮಗುವಿನ ಬಾಯಿಂದ ಬಂದ ಆ ವಾಕ್ಯ ಯಾವ ಟೀಚರನ್ನಾದರೂ ತಟ್ಟುತ್ತದೆ.

ಮನೆಯಿಂದ ಎರಡು ಮೂರು ಹಾಳೆ ತೆಗೆದುಕೊಂಡು ಹೋಗಿ. ಸರ್ಟಿಫಿಕೇಟ್ ಬೇಡ, ಟ್ಯೂಷನ್ ಪುಸ್ತಕವೂ ಬೇಡ. ಯಾರೂ ಹೇಳಿಕೊಡದೆ ಅವಳೇ ಮಾಡಿದ ಒಂದು ಲೆಕ್ಕ, ಅವಳೇ ಬರೆದ ಒಂದು ಕಥೆ, ಈಗ ಓದುತ್ತಿರುವ ಪುಸ್ತಕದ ಹೆಸರು. ತಾರೀಕು ಹಾಕಿರಿ.

ಮ್ಯಾಪ್ ಬಗ್ಗೆ ಒಂದು ಮಾತು. ಅದರ ಪ್ರಶ್ನೆಗಳು ಮಗು ಉತ್ತರಿಸಿದಂತೆ ಕಷ್ಟವಾಗುತ್ತ ಹೋಗುತ್ತವೆ, ಹಾಗಾಗಿ ತರಗತಿಯ ಮಟ್ಟ ದಾಟಿ ಎಲ್ಲಿಯವರೆಗೆ ಬಂದಿದ್ದಾಳೆ ಎಂದು ತೋರಿಸಬಲ್ಲದು. ಪರ್ಸೆಂಟೈಲ್ ಬರೀ ಅದೇ ತರಗತಿಯ ದೇಶದ ಇತರ ಮಕ್ಕಳ ಜೊತೆಗಿನ ಹೋಲಿಕೆ. ನಿಮಗೆ ಬೇಕಾದದ್ದು ರಿಟ್ ಸ್ಕೋರ್, ಅಂದರೆ ಮಗು ಈಗ ಯಾವ ಮಟ್ಟದಲ್ಲಿದೆ ಎಂದು ತೋರಿಸುವ ಮ್ಯಾಪ್‌ನ ಅಂಕ, ಅದರಲ್ಲೂ ವಿಭಾಗವಾರು. ಒಂದು ಮಗು ಸಂಖ್ಯೆಗಳಲ್ಲಿ ಬಹಳ ಮುಂದಿದ್ದು ರೇಖಾಗಣಿತದಲ್ಲಿ ತರಗತಿಯ ಮಟ್ಟದಲ್ಲೇ ಇರಬಹುದು. "97 ಬಂದಿದೆ" ಎನ್ನುವುದಕ್ಕಿಂತ "ಈ ರಿಟ್ ಪ್ರಕಾರ ಅವಳು ಮುಂದೆ ಏನು ಕಲಿಯಲು ತಯಾರಿದ್ದಾಳೆ?" ಎಂದು ಕೇಳಿ. ಈ ಪ್ರಶ್ನೆಗೆ ಟೀಚರ್ ಬಳಿ ರಿಪೋರ್ಟ್ ಇರುತ್ತದೆ.

ಕೇಳುವುದು ಒಂದೇ ಒಂದು ಕೋರಿಕೆ ಇರಲಿ, ಮತ್ತು ಅದು ಮುಂದಿನ ವಾರವೇ ಮಾಡಬಹುದಾದದ್ದಾಗಿರಲಿ. ನನ್ನ ತರಗತಿಯಲ್ಲಿ ನಾನು ಮಾಡುವುದು ಇದು: ಹಾಳೆಯಲ್ಲಿನ ಅತಿ ಕಷ್ಟದ ಐದು ಲೆಕ್ಕಗಳನ್ನು ಗುರುತು ಮಾಡುತ್ತೇನೆ. ಯಾರಿಗೆ ಬೇಕೋ ಅವರು ಮೊದಲು ಅವನ್ನೇ ಮಾಡಬಹುದು. ನಾಲ್ಕು ಸರಿಯಿದ್ದರೆ ಉಳಿದದ್ದು ಮಾಡುವ ಅಗತ್ಯವಿಲ್ಲ, ಆ ಸಮಯದಲ್ಲಿ ಬೇರೆ ಆಳದ ಸಮಸ್ಯೆ ಕೊಡುತ್ತೇನೆ. ಹೊಸ ಪಾಠ ಶುರುವಾಗುವ ಮುಂಚೆ ಪಾಠದ ಕೊನೆಯ ಪರೀಕ್ಷೆಯನ್ನೇ ಕೊಟ್ಟು ನೋಡುವುದು ಇನ್ನೊಂದು ದಾರಿ. ಗೊತ್ತಿರುವುದನ್ನು ಮತ್ತೆ ಮಾಡಿಸದೆ ಬಿಟ್ಟುಬಿಡುವ ಈ ಕ್ರಮಕ್ಕೆ ಕರಿಕ್ಯುಲಮ್ ಕಂಪ್ಯಾಕ್ಟಿಂಗ್ ಅನ್ನುತ್ತಾರೆ, ಜೋಸೆಫ್ ರೆಂಜುಲಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ್ದು. ಹೆಸರು ಹೇಳಿದರೆ ಎಷ್ಟೋ ಟೀಚರ್‌ಗಳಿಗೆ ಬಿ.ಎಡ್ ಕಾಲದ ಪಾಠ ನೆನಪಾಗುತ್ತದೆ. ಮುಖ್ಯವಾದ ಮಾತು: ಹೆಚ್ಚುವರಿ ಕೆಲಸ ಬೇಡ, ಬದಲಿ ಕೆಲಸ ಬೇಕು. ಇದನ್ನು ಬಿಡಿಸಿ ಹೇಳಿ.

ಅಜಾಗರೂಕತೆಯ ತಪ್ಪುಗಳ ಬಗ್ಗೆ ಟೀಚರ್ ಹೇಳಿದ್ದನ್ನು ತಳ್ಳಿಹಾಕಬೇಡಿ. ಬುದ್ಧಿವಂತ ಮಕ್ಕಳಲ್ಲೂ ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾ, ಗಮನ ನಿಲ್ಲದ ಎಡಿಎಚ್‌ಡಿ, ಕಣ್ಣಿನ ತೊಂದರೆ ಇರಬಹುದು. ಒಂದನ್ನು ಇನ್ನೊಂದು ಮುಚ್ಚಿಹಾಕಿ ಎರಡೂ ಕಾಣದೆ ಹೋಗುತ್ತವೆ. ಬರೀ ಬೇಸರದಿಂದ ಆಗುವ ತಪ್ಪೋ, ಬೇರೆ ಏನಾದರೂ ಇದೆಯೋ ಅಂತ ತಿಳಿಯಲು ಸುಲಭದ ದಾರಿಯೆಂದರೆ ಕಷ್ಟದ ಕೆಲಸ ಕೊಟ್ಟು ನೋಡುವುದು. ಕಷ್ಟದ್ದರಲ್ಲಿ ತಪ್ಪು ಕಡಿಮೆಯಾದರೆ ಉತ್ತರ ಸಿಕ್ಕಿತು. ಆಗದಿದ್ದರೆ ಪರೀಕ್ಷಿಸಿ. ಹಂತಗಳನ್ನು ಬರೆಯುವುದನ್ನಂತೂ ಕಲಿಯಲೇಬೇಕು, ಅದಕ್ಕೆ ನೀವು ಮನೆಯಲ್ಲಿ ಒತ್ತಾಸೆ ಕೊಡುತ್ತೀರಿ ಎಂದು ಟೀಚರ್‌ಗೆ ಹೇಳಿ. ನೀವು ಒಂದು ಹೆಜ್ಜೆ ಇಟ್ಟರೆ ಅವರೂ ಇಡುತ್ತಾರೆ.

ಏಳುವ ಮುಂಚೆ ನಾಲ್ಕರಿಂದ ಆರು ವಾರದ ನಂತರದ ಒಂದು ತಾರೀಕು ಗೊತ್ತು ಮಾಡಿಕೊಳ್ಳಿ. ಸಂಜೆ ಧನ್ಯವಾದ ಹೇಳಿ, ಒಪ್ಪಿಕೊಂಡದ್ದನ್ನು ಎರಡು ಸಾಲಲ್ಲಿ ಬರೆದು ಇಮೇಲ್ ಮಾಡಿ.

ದಾರಿಹೋಕ:
ಮೇಡಂ ಬರೆದದ್ದು ಕೇಳೋಕೆ ಚೆನ್ನಾಗಿದೆ. ನಡೆಯೋದು ಹಾಗಲ್ಲ. ನಾನು ಎರಡು ಮಕ್ಕಳನ್ನು ಇದೇ ವ್ಯವಸ್ಥೆಯಲ್ಲಿ ಓದಿಸಿದವನು, ನೇರವಾಗಿ ಹೇಳ್ತೀನಿ. ಟೀಚರ್ ಮೀಟಿಂಗ್‌ನಲ್ಲಿ ತಲೆಯಾಡಿಸ್ತಾರೆ, ಎರಡು ವಾರ ಏನೋ ಮಾಡ್ತಾರೆ, ಆಮೇಲೆ ಯಥಾಪ್ರಕಾರ. ಇಪ್ಪತ್ತೈದು ಮಕ್ಕಳಲ್ಲಿ ಓದಲು ಬಾರದ ಐದು ಮಕ್ಕಳ ಮೇಲೆ ಅವರ ಗಮನ, ಅವರ ಮೇಲಿನವರು ಅಳೆಯೋದೂ ಅದನ್ನೇ. ನಿಮ್ಮ ಮಗಳು ಪಾಸಾಗ್ತಾಳೆ, ಹಾಗಾಗಿ ಅವಳು ಅವರಿಗೆ ಸಮಸ್ಯೆಯೇ ಅಲ್ಲ. ನೀವು ಹೋಗಿ ಕೇಳಿದ್ರೆ "ಏಷ್ಯಾದ ಅಪ್ಪ-ಅಮ್ಮ, ಇವರದ್ದು ಯಾವಾಗಲೂ ಇದೇ" ಅನ್ನೋ ಹಣೆಪಟ್ಟಿ ಅಷ್ಟೇ ಸಿಗೋದು.

ಮಾಡಬೇಕಾದದ್ದು ಒಂದೇ. ಶಾಲೆಯನ್ನು ಆಟಕ್ಕೆ, ಗೆಳೆತನಕ್ಕೆ ಬಿಡಿ. ಮನೆಯಲ್ಲಿ ದಿನಾ ಒಂದು ಗಂಟೆ ಕೂರಿಸಿ. ಐದನೇ ತರಗತಿಗೆ ಬರೋಷ್ಟರಲ್ಲಿ ಪ್ರೀ-ಆಲ್ಜೀಬ್ರಾ, ಅಂದ್ರೆ ಬೀಜಗಣಿತಕ್ಕೆ ಮುಂಚಿನ ಪಾಠ, ಮುಗಿಸಿ. ಮಿಡಲ್ ಸ್ಕೂಲಿಗೆ ಹೋಗುವಾಗ ಪ್ಲೇಸ್‌ಮೆಂಟ್ ಟೆಸ್ಟ್ ಬರೆದು ತಾನೇ ಮುಂದಿನ ಕ್ಲಾಸಿಗೆ ಹೋಗ್ತಾಳೆ. ಆಗ ಯಾರ ಹತ್ತಿರವೂ ಬೇಡುವ ಅಗತ್ಯ ಇರಲ್ಲ. ನನ್ನ ಮಕ್ಕಳಿಬ್ಬರೂ ಹೀಗೇ ಮುಂದೆ ಹೋದದ್ದು.

ಗಾಳಿಪಟ:
ದಾರಿಹೋಕ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಯಾರೂ ನಮ್ಮ ಮಕ್ಕಳಿಗೆ ತಾನಾಗಿ ಏನೂ ಕೊಡಲ್ಲ.

ಮಳೆಬಿಲ್ಲು:
ಎಂಟು ವರ್ಷದ ಮಗುವನ್ನು ದಿನಾ ಒಂದು ಗಂಟೆ ಆಲ್ಜೀಬ್ರಾಕ್ಕೆ ಕೂರಿಸೋದಾ? ಅದು ಆಡೋ ವಯಸ್ಸು. ಆ ಹೊಟ್ಟೆನೋವು ಯಾಕೆ ಬರ್ತಿದೆ ಅಂತ ಮೊದಲು ಡಾಕ್ಟರ್ ಹತ್ತಿರ ತೋರಿಸಿ. ನಮ್ಮವರಿಗೆ ಮಕ್ಕಳು ಮಕ್ಕಳಾಗಿರೋದು ಕಂಡ್ರೆ ತಡೆಯೋಕೇ ಆಗಲ್ಲ.

ದಾರಿಹೋಕ:
ಮಳೆಬಿಲ್ಲು ಅವರೇ, ಮಗು ತಾನೇ ಲೆಕ್ಕ ಬೇಕು ಅಂತಿದೆ. ಗೊತ್ತಿರೋದನ್ನೇ ದಿನವಿಡೀ ತಿದ್ದಿಸೋದು ಬಾಲ್ಯ, ಇಷ್ಟಪಟ್ಟು ಒಂದು ಗಂಟೆ ಲೆಕ್ಕ ಮಾಡೋದು ಹಿಂಸೆ, ಇದು ಯಾವ ನ್ಯಾಯ?

ಕರಿಮೋಡ:
ಅಕ್ಕಾರ, ನಿಮ್ಮ ಬರಹ ಓದಿ ಸುಮ್ನ ಕೂಡಾಕ ಆಗಲಿಲ್ಲ. ನಾ ಸಣ್ಣಾಂವ ಇದ್ದಾಗ ಹಿಂಗ ಇದ್ದೆ. ಮಾಸ್ತರು ಹಲಗಿ ಮ್ಯಾಲ ಲೆಕ್ಕ ಬರದು ಮುಗಸೂದ್ರಾಗ ನನ್ನ ಉತ್ತರ ತಯಾರ ಇರ್ತಿತ್ತು. ಹೇಳಿದ್ರ "ಭಾಳ ಶಾಣ್ಯಾ ಆಗಬ್ಯಾಡ, ಕೂಡು" ಅಂತಿದ್ರು. ನಮ್ಮಪ್ಪ ಒಂದ ಸಲಾನೂ ಸಾಲಿ ಬಾಗಲಾ ತುಳೀಲಿಲ್ಲ. ಅವಂದೇನೂ ತಪ್ಪಿಲ್ಲ ಅದರಾಗ. ಅಕ್ಷರ ಬರದ ಮನಷ್ಯಾ, ಮಾಸ್ತರ ಮುಂದ ನಿಂತು ಮಾತಾಡೂದಂದ್ರ ಅವಂಗ ಎದಿ ಹೊಡ್ಕೋತಿತ್ತು. ಹೈಸ್ಕೂಲಿಗೆ ಬರೂದ್ರಾಗ ನಾ ಕೈ ಎತ್ತೂದ ಬಿಟ್ಟಿದ್ದೆ. ಕೆಲಸಾ ಸಿಕ್ಕೇತಿ, ಮನಿ ಮಾಡೇನಿ, ಎಲ್ಲಾ ಛಲೋ ಐತಿ. ಆದ್ರ ಗಣಿತ ಓದಬೇಕಂತ ಭಾಳ ಆಸೆ ಇತ್ತು, ಅದು ಆಗಲಿಲ್ಲ.

ನಿಮ್ಮ ಯಜಮಾನ್ರಿಗೆ ಇಷ್ಟ ಹೇಳ್ರಿ: ಮಗಳ ಪರವಾಗಿ ಮನ್ಯಾಗಿನವರು ಬಂದ್ರು ಅನ್ನೂದು ಆ ಕೂಸಿಗೆ ಗೊತ್ತಾದ್ರ ಸಾಕು. ಟೀಚರ್ ಏನರ ಮಾಡ್ಲಿ, ಬಿಡ್ಲಿ. ಹೋಗ್ರಿ. ಇಬ್ರೂ ಹೋಗ್ರಿ.

ಹೊಂಗೆಮರ:
ಕರಿಮೋಡ ಅಣ್ಣ, ಓದಿ ಕಣ್ಣು ತುಂಬಿತು.

ನದಿದಂಡೆ:
ನಾವಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ಕ್ಲಾಸ್ ಹಾರಿಸೋದು ಬಹಳ ಅಪರೂಪ, ಹುಟ್ಟಿದ ದಿನದ ಲೆಕ್ಕದಲ್ಲಿ ಯಾವ ವರ್ಷವೋ ಆ ವರ್ಷವೇ. ಆದರೆ ನ್ಯಾಷನಲ್ ಕರಿಕ್ಯುಲಮ್ ಗಣಿತದ ಪೀಠಿಕೆಯಲ್ಲೇ ಒಂದು ಮಾತಿದೆ: ಬೇಗ ಅರ್ಥ ಮಾಡಿಕೊಳ್ಳುವ ಮಕ್ಕಳಿಗೆ ಹೊಸ ಪಾಠಕ್ಕೆ ಓಡಿಸುವ ಮುಂಚೆ, ಇದೇ ಪಾಠದಲ್ಲಿ ಸಮೃದ್ಧವಾದ, ಸವಾಲಿನ ಸಮಸ್ಯೆಗಳನ್ನು ಕೊಡಬೇಕು ಅಂತ. ಪೇರೆಂಟ್ಸ್ ಈವ್ನಿಂಗ್‌ನಲ್ಲಿ ನಾನು ಅದನ್ನೇ ಹಿಡಿದು ಕೇಳಿದೆ, "ಈ ಸವಾಲಿನ ಸಮಸ್ಯೆಗಳು ಅವನಿಗೆ ಯಾವಾಗ ಸಿಗ್ತವೆ?" ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎನ್‌ರಿಚ್ ತಾಣದ ಸಮಸ್ಯೆಗಳನ್ನು ಮುದ್ರಿಸಿ ಒಂದು ಡಬ್ಬಿಯಲ್ಲಿಟ್ಟರು, ಕೆಲಸ ಮುಗಿದವರು ಯಾರಾದರೂ ತೆಗೆದುಕೊಳ್ಳಬಹುದು. ಅದು ಪುಕ್ಕಟೆ, ಯಾವ ದೇಶದಲ್ಲಿದ್ದರೂ ಬಳಸಬಹುದು. ನನ್ನ ಮಗನಿಗೊಬ್ಬನಿಗೇ ಅಲ್ಲ, ಇಡೀ ಕ್ಲಾಸಿಗೆ ಆಯ್ತು. ಟೀಚರ್‌ಗೆ ಸುಲಭವಾಗುವ ಹಾಗೆ ಕೇಳಿದರೆ ಮಾಡ್ತಾರೆ.

ದಾರಿಹೋಕ:
ನಿಮ್ಮ ಟೀಚರ್ ಒಳ್ಳೆಯವರಿದ್ದರು, ಅದೃಷ್ಟ. ಎಲ್ಲರಿಗೂ ಅದೃಷ್ಟ ಇರಲ್ಲ. ವ್ಯವಸ್ಥೆ ಅಂತ ಮಾತಾಡಿ. ಅಮೆರಿಕದಲ್ಲಿ ಚುರುಕು ಮಕ್ಕಳಿಗೆ ಕೊಡಲೇಬೇಕು ಅನ್ನುವ ಕೇಂದ್ರದ ಕಾನೂನೇ ಇಲ್ಲ. ವಿಶೇಷ ಚೇತನ ಮಕ್ಕಳಿಗೆ ಐಡಿಯಾ (IDEA) ಅನ್ನೋ ಕಾಯ್ದೆ ಇದೆ, ಹೋಗಿ ಹಕ್ಕು ಕೇಳಬಹುದು. ನಮಗೆ ಏನಿದೆ?

ಕಪ್ಪುಹಲಗೆ:
ಕೇಂದ್ರದ ಕಾನೂನು ಇಲ್ಲ ಅನ್ನುವುದು ನಿಜ. 1988ರ ಜೇವಿಟ್ಸ್ ಕಾಯ್ದೆ ಇದೆ, ಅದು ಸಂಶೋಧನೆಗೆ, ಯೋಜನೆಗಳಿಗೆ ಹಣ ಕೊಡುತ್ತದೆಯೇ ಹೊರತು ಮಗುವಿಗೆ ಹಕ್ಕು ಕೊಡುವುದಿಲ್ಲ. ಉಳಿದದ್ದು ರಾಜ್ಯಕ್ಕೆ ಬಿಟ್ಟದ್ದು. ಟೆಕ್ಸಸ್‌ನಲ್ಲಿ ಪ್ರತಿ ಜಿಲ್ಲೆಯೂ ಇಂಥ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಪಾಠ ಒದಗಿಸಲೇಬೇಕು, ಎಲ್ಲ ರಾಜ್ಯದಲ್ಲೂ ಹಾಗಿಲ್ಲ. ಆದ್ದರಿಂದಲೇ ಹೇಳುತ್ತಿರುವುದು: ಕಾನೂನಿನ ಬೆಂಬಲ ಕಡಿಮೆ ಇರುವ ಕಡೆ ಟೀಚರ್ ಜೊತೆಗಿನ ಸಂಬಂಧವೇ ನಿಮ್ಮ ಕೈಯಲ್ಲಿರುವ ದೊಡ್ಡ ಬಲ. ಹೋಗದಿದ್ದರೆ ಅದೂ ಇಲ್ಲ.

ಇನ್ನು, ಮನೆಯಲ್ಲಿ ಶಾಲೆಯದೇ ಪಾಠವನ್ನು ಎರಡು ವರ್ಷ ಮುಂದೆ ಮಾಡಿಸಿದರೆ ಅವಳ ತರಗತಿಯ ತೊಂದರೆ ಎರಡರಷ್ಟಾಗುತ್ತದೆ. ಈಗ ಮೂರನೇ ತರಗತಿಯ ಲೆಕ್ಕ ಗೊತ್ತಿದೆ ಅಂತ ಬೇಜಾರು. ಆಗ ನಾಲ್ಕು, ಐದರದ್ದೂ ಗೊತ್ತಿರುತ್ತದೆ. ಮನೆಯಲ್ಲಿ ಮಾಡಿಸುವುದಾದರೆ ಪಕ್ಕಕ್ಕೆ ಹೋಗಿ: ಎಣಿಕೆಯ ಒಗಟುಗಳು, ತರ್ಕ, "ಇದು ಯಾವಾಗಲೂ ನಿಜವೇ, ಯಾಕೆ?" ಎನ್ನುವಂಥವು. ಶಾಲೆ ಯಾವತ್ತೂ ಮುಟ್ಟದ ಜಾಗ ಗಣಿತದಲ್ಲಿ ಬೇಕಾದಷ್ಟಿದೆ.

ದಾರಿಹೋಕ:
ಒಗಟು ಬಿಡಿಸಿ ಯಾರೂ ಪ್ಲೇಸ್‌ಮೆಂಟ್ ಟೆಸ್ಟ್ ಪಾಸಾಗಿಲ್ಲ ಮೇಡಂ. ಒಂದು ಮಾತು ಎಲ್ಲರೂ ಯೋಚಿಸಿ. ಈ ದೇಶದಲ್ಲಿ ನಮಗೆ ಚಿಕ್ಕಪ್ಪ ಇಲ್ಲ, ಮಾವ ಇಲ್ಲ, ಪರಿಚಯ ಇಲ್ಲ. ಮಗುವಿನ ಅಂಕವೇ ಪರಿಚಯ. ನಾನು ಬಂದಾಗ ನನ್ನ ಉಚ್ಚಾರಣೆ ಕೇಳಿ ನಗ್ತಿದ್ದವರು, ನನ್ನ ಮಗನ ಸ್ಕೋರ್ ನೋಡಿದ ಮೇಲೆ ನಮ್ಮನೆಗೆ ಸಲಹೆ ಕೇಳೋಕೆ ಬಂದರು. ಇದನ್ನು ಅಹಂಕಾರದಿಂದ ಹೇಳ್ತಿಲ್ಲ. ಇಲ್ಲಿ ಬದುಕೋ ದಾರಿ ಇದು ಅಂತ ಹೇಳ್ತಿದ್ದೇನೆ.

ಗಾಳಿಪಟ:
ಸತ್ಯವಾದ ಮಾತು ಸರ್.

ಮಳೆಬಿಲ್ಲು:
ಮಗುವಿನ ಅಂಕ ನಮ್ಮ ಪರಿಚಯ ಆಗಬಾರದು. ಆ ಭಾರ ಹೊರೋಕೆ ಅದಕ್ಕಿನ್ನೂ ಎಂಟು ವರ್ಷ. ನನ್ನ ಅಕ್ಕನ ಮಗ ಪ್ರತಿ ಪರೀಕ್ಷೆಯಲ್ಲೂ ಮೊದಲು ಬರ್ತಿದ್ದ, ಕಾಲೇಜಿನಲ್ಲಿ ಮೊದಲ ಸಲ ಕಡಿಮೆ ಬಂದಾಗ ರೂಮಿನಿಂದ ಹೊರಗೇ ಬರಲಿಲ್ಲ. ಆ ವರ್ಷ ನಮ್ಮ ಮನೆಯವರೆಲ್ಲ ಹೇಗೆ ಕಳೆದೆವು ಅಂತ ನಮಗೇ ಗೊತ್ತು.

ಮುಂಜಾವು:
ಎಲ್ಲರೂ ಸಮಾಧಾನ. ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಎಂದು ನಾನು ಹೇಳಿದ್ದು ಇದಕ್ಕೇ. ಪುಸ್ತಕಕ್ಕೆ ಅಂಕವೂ ಇಲ್ಲ, ಅವಮಾನವೂ ಇಲ್ಲ.

ಹೊಸಬೆಳಕು:
ಜರ್ಮನಿಯಿಂದ ಬರೀತಿದ್ದೀನಿ. ನಮ್ಮ ಕಷ್ಟ ಬೇರೆ. ಇಲ್ಲಿ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಕೂಡಲೇ ಯಾವ ಮಗು ವಿಶ್ವವಿದ್ಯಾಲಯಕ್ಕೆ ತಯಾರು ಮಾಡೋ ಗಿಮ್ನಾಸಿಯಂ ಅನ್ನೋ ಶಾಲೆಗೆ, ಯಾವುದು ಬೇರೆ ಶಾಲೆಗೆ ಅಂತ ದಾರಿ ಬೇರೆ ಆಗುತ್ತೆ. ಬವೇರಿಯಾದಲ್ಲಿ ಜರ್ಮನ್, ಗಣಿತ, ಪರಿಸರ ಪಾಠ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಗಿಮ್ನಾಸಿಯಂ, ಇಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಮಗನಿಗೆ ಲೆಕ್ಕ ನೀರು ಕುಡಿದಷ್ಟು ಸುಲಭ, ಜರ್ಮನ್ ಇನ್ನೂ ತಡವರಿಸ್ತಾನೆ. ಟೀಚರ್ ಕಣ್ಣಿಗೆ ಅವನು ಸಾಧಾರಣ ಹುಡುಗ, ಯಾಕೆಂದರೆ ಪದರೂಪದ ಲೆಕ್ಕದಲ್ಲಿ ಪದವೇ ಅರ್ಥ ಆಗಲ್ಲ. ಒಂದು ಸಲ ಅದೇ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಟ್ಟೆ, ಅವನು ಮಾಡಿದ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಟೀಚರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅಲ್ಲಿಂದ ಅವನ ಜೊತೆ ಅವರ ಮಾತೇ ಬದಲಾಯ್ತು.

ಹೊಸದಾಗಿ ಬಂದವರು ಇದನ್ನು ಮನಸ್ಸಿನಲ್ಲಿಡಿ: ಭಾಷೆ ಹಿಂದಿದ್ದರೆ ಬುದ್ಧಿಯೂ ಹಿಂದಿದೆ ಅಂದುಕೊಳ್ಳೋದು ಟೀಚರ್‌ಗಳಿಗೆ ಸುಲಭ.

ಕಪ್ಪುಹಲಗೆ:
ಹೊಸಬೆಳಕು ಅವರೇ, ಎರಡು ಹಾಳೆ ಪಕ್ಕಪಕ್ಕ ಇಟ್ಟದ್ದು ಅದ್ಭುತ ಕೆಲಸ. ಅಮೆರಿಕದಲ್ಲಿರುವವರಿಗೆ ಇದೇ ಸಾಲಿನಲ್ಲಿ ಇನ್ನೊಂದು: ಗಿಫ್ಟೆಡ್ ಪ್ರೋಗ್ರಾಂಗೆ ಬಳಸುವ ಕಾಗ್ಯಾಟ್ ಪರೀಕ್ಷೆಯಲ್ಲಿ ಭಾಷೆ, ಸಂಖ್ಯೆ, ಚಿತ್ರಾಕೃತಿ ಎಂದು ಮೂರು ಭಾಗ ಇರುತ್ತವೆ. ಇಂಗ್ಲಿಷ್ ಇನ್ನೂ ಕೂಡಿಬಾರದ ಮಗುವಿದ್ದರೆ ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ, ಮೂರನ್ನೂ ಬಿಡಿಬಿಡಿಯಾಗಿ ಕೇಳಿ.

ಗಾಳಿಪಟ:
ಅಂದಹಾಗೆ ಶಾಲೆಗೆ ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೆ ಫಾರ್ಮ್‌ನಲ್ಲಿ ಮನೆಭಾಷೆ ಕನ್ನಡ ಅಂತ ಬರೀಬೇಡಿ. ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟು ಇಎಲ್, ಅಂದ್ರೆ ಇಂಗ್ಲಿಷ್ ಕಲಿಯೋ ಮಕ್ಕಳ ಕ್ಲಾಸಿಗೆ ಹಾಕ್ತಾರೆ, ಆಮೇಲೆ ಗಿಫ್ಟೆಡ್ ಅಂತ ಯಾರೂ ತಿರುಗಿ ನೋಡಲ್ಲ. ಇಂಗ್ಲಿಷ್ ಅಂತ ಬರೆದುಬಿಡಿ.

ಹೊಸಬೆಳಕು:
ಮನೆಯಲ್ಲಿ ಆಡೋ ಭಾಷೆಯನ್ನು ಕಾಗದದಲ್ಲಿ ಮುಚ್ಚಿಡೋದಾ? ಆ ಮಗುವಿಗೆ ಏನು ಹೇಳಿಕೊಟ್ಟ ಹಾಗಾಯ್ತು?

ಮುಂಜಾವು:
ಗಾಳಿಪಟ ಅವರ ಮಾತು ನನಗೆ ನೋವು ತಂದಿತು. ನನ್ನ ಮಗಳು ಇವತ್ತಿಗೂ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ, ಕನ್ನಡ ಓದುತ್ತಾಳೆ. ಅದರಿಂದ ಅವಳ ಗಣಿತಕ್ಕೆ ಏನೂ ಕಡಿಮೆಯಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯ ಜೊತೆ ಫೋನಿನಲ್ಲಿ ಎರಡು ವಾಕ್ಯ ಆಡಲು ಬಾರದ ಮಕ್ಕಳಿದ್ದಾರೆ. ಅದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಗಾಳಿಪಟ:
ಸರ್, ನಾನು ಮನೆಯಲ್ಲಿ ಕನ್ನಡ ಬಿಡಿ ಅಂತ ಹೇಳಲಿಲ್ಲ. ಫಾರ್ಮ್ ಬಗ್ಗೆ ಹೇಳಿದೆ.

ಕಪ್ಪುಹಲಗೆ:
ಫಾರ್ಮ್‌ನಲ್ಲಿ ನಿಜ ಬರೆಯಿರಿ. ಕನ್ನಡ ಎಂದು ಬರೆದ ಮಾತ್ರಕ್ಕೆ ಇಎಲ್ ಆಗುವುದಿಲ್ಲ. ಒಂದು ಸ್ಕ್ರೀನಿಂಗ್ ಪರೀಕ್ಷೆ ಇರುತ್ತದೆ, ಹಲವು ರಾಜ್ಯಗಳಲ್ಲಿ ವಿಡಾ ಎಂಬ ಸಂಸ್ಥೆಯದ್ದು. ಇಂಗ್ಲಿಷ್ ಸಾಕಷ್ಟಿದ್ದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಆ ಸಹಾಯ ಮಗುವಿಗೆ ಬೇಕು ಎಂದೇ ಅರ್ಥ. ಇಎಲ್ ಇದ್ದೂ ಗಿಫ್ಟೆಡ್ ಆದ ಮಕ್ಕಳಿದ್ದಾರೆ, ಒಂದರಿಂದ ಇನ್ನೊಂದು ತಪ್ಪಬಾರದು.

ಮೂಲ ಪ್ರಶ್ನೆ ಎಲ್ಲೋ ಹಿಂದೆ ಉಳಿಯಿತು. ಕಾಡುಮಲ್ಲಿಗೆಯವರೇ, ಇದ್ದೀರಾ?

ಬೆಳ್ಳಿಚುಕ್ಕಿ:
ಯಾರೂ ಡಬಲ್ ಪ್ರಮೋಷನ್ ಬಗ್ಗೆ ಮಾತಾಡ್ತಿಲ್ಲ ಯಾಕೆ? ಎರಡರಲ್ಲೂ ಮುಂದಿದ್ದರೆ ನೇರ ನಾಲ್ಕಕ್ಕೆ ಹಾಕಿಸಿ. ಗಣಿತಜ್ಞ ಟೆರೆನ್ಸ್ ಟಾವ್ ಅವರು ಹತ್ತನೇ ವಯಸ್ಸಿಗೇ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಪದಕ ತೆಗೆದುಕೊಂಡಿದ್ದರು, 1986ರಲ್ಲಿ. ಮುಂದೆ ಹಾಕಿದ್ದಕ್ಕೇ ಅಲ್ಲವಾ?

ದಾರಿಹೋಕ:
ಅದಕ್ಕೂ ಶಾಲೆ ಒಪ್ಪಲ್ಲ. "ಸಾಮಾಜಿಕವಾಗಿ ತಯಾರಿಲ್ಲ" ಅಂತಾರೆ. ಆ ಒಂದು ವಾಕ್ಯಕ್ಕೆ ಉತ್ತರವೇ ಇಲ್ಲ.

ಕಪ್ಪುಹಲಗೆ:
ಉತ್ತರ ಇದೆ. ತರಗತಿ ಹಾರಿಸುವುದರ ಮೇಲೆ ದಶಕಗಳ ಸಂಶೋಧನೆಯನ್ನು ಒಟ್ಟುಹಾಕಿದ ವರದಿಯೊಂದು 2004ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಬಂತು. ಸರಿಯಾಗಿ ಆರಿಸಿದ ಮಕ್ಕಳಿಗೆ ಕಲಿಕೆಯಲ್ಲಿ ಲಾಭ, ಸಾಮಾಜಿಕವಾಗಿ ಒಟ್ಟಾರೆ ಹಾನಿ ಕಾಣುವುದಿಲ್ಲ ಎಂಬುದೇ ಅದರ ಸಾರ. ನಿರ್ಧಾರಕ್ಕೆ ಅಯೋವಾ ಆಕ್ಸಿಲರೇಷನ್ ಸ್ಕೇಲ್ ಎಂಬ ಮಾಪಕ ಇದೆ. ಮಗುವಿಗೇ ಇಷ್ಟವಿಲ್ಲದಿದ್ದರೆ, ಅಥವಾ ಮುಂದಿನ ತರಗತಿಯಲ್ಲಿ ಅದರ ಅಣ್ಣನೋ ಅಕ್ಕನೋ ಇದ್ದರೆ, ಹಾರಿಸಬೇಡಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಯೋಚಿಸಿ ಮಾಡಿದ ಸಾಧನ.

ಟಾವ್ ಅವರ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಪದಕ ಅಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅವರ ತಂದೆತಾಯಿ ಶಾಲೆಯವರ ಜೊತೆ ಕೂತು, ಒಂದೊಂದು ವಿಷಯಕ್ಕೆ ಒಂದೊಂದು ತರಗತಿ ಎಂದು ಹೊಂದಿಸಿಕೊಂಡರು. ಗಣಿತಕ್ಕೆ ದೊಡ್ಡವರ ಜೊತೆ, ಉಳಿದದ್ದಕ್ಕೆ ಅವರ ವಯಸ್ಸಿಗೆ ಹತ್ತಿರದವರ ಜೊತೆ. ಶಾಲೆಯ ಹತ್ತಿರ ಮಾತಾಡದೆ ಅದು ಆಗುತ್ತಿರಲಿಲ್ಲ. ಒಂದೇ ವಿಷಯಕ್ಕೆ ಮುಂದಿನ ತರಗತಿಗೆ ಕಳಿಸುವುದು ಪೂರ್ತಿ ಹಾರಿಸುವುದಕ್ಕಿಂತ ಎಷ್ಟೋ ಸುಲಭ, ಎರಡೂ ತರಗತಿಗಳ ಗಣಿತದ ಸಮಯ ಒಂದೇ ಆಗಿದ್ದರೆ ಸಾಕು.

ದಾರಿಹೋಕ ಸರ್, ನಿಮ್ಮ ಶ್ರಮದ ಬಗ್ಗೆ ನನಗೆ ಗೌರವ ಇದೆ. ಒಂದು ವಿಷಯದಲ್ಲಿ ಮಾತ್ರ ಒಪ್ಪಲಾರೆ. ಮನಶ್ಶಾಸ್ತ್ರಜ್ಞರಾದ ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟು ಕೊಟ್ಟು, ಕೆಲವರಿಗೆ "ನೀನು ಜಾಣ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಎಂದರು. ಜಾಣ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಆಮೇಲೆ ಸುಲಭದ್ದನ್ನೇ ಆರಿಸಿಕೊಂಡರು. ಕಷ್ಟದ್ದರಲ್ಲಿ ಸೋತ ಮೇಲೆ ಅವರ ಅಂಕವೂ ಕುಸಿಯಿತು. ನನ್ನ ಭಯ ಇದೇ. ಎಂಟು ವರ್ಷದವಳು ಒಂದು ವರ್ಷ ಪೂರ್ತಿ ಯಾವುದೂ ಕಷ್ಟವಾಗದೆ ಕಳೆದರೆ, ಮೊದಲ ಕಷ್ಟ ಬಂದಾಗ ತಾನು ಜಾಣೆ ಅಲ್ಲವೇನೋ ಅಂದುಕೊಳ್ಳುತ್ತಾಳೆ. ಅವಳಿಗೆ ತರಗತಿಯಲ್ಲೇ, ಟೀಚರ್ ಎದುರಿಗೇ, ಒಂದು ಲೆಕ್ಕ ಬಾರದೆ ಕೂರುವ ಅನುಭವ ಬೇಕು. ಅದನ್ನು ಮನೆಯಲ್ಲಿ ಕೊಡಲಾಗುವುದಿಲ್ಲ.

ದಾರಿಹೋಕ:
ಕೊಡಬಹುದು. ನಾನು ಕೊಟ್ಟಿದ್ದೇನೆ. ಇಲ್ಲಿ ನಮ್ಮಿಬ್ಬರ ಮಾತು ಕೂಡಲ್ಲ, ಬಿಡಿ. ಕಾಡುಮಲ್ಲಿಗೆ ಅವರೇ, ಹೋಗೋದಾದ್ರೆ ಹೋಗಿ, ಆದರೆ ಮನೆಯ ಕೆಲಸ ನಿಲ್ಲಿಸಬೇಡಿ.

ಕಾಡುಮಲ್ಲಿಗೆ:
ಇದ್ದೇನೆ. ಕೆಲಸದಿಂದ ಬಂದು ಎಲ್ಲಾ ಓದಿದೆ. ಇಷ್ಟು ಜನ ಉತ್ತರಿಸ್ತೀರಿ ಅಂದುಕೊಂಡಿರಲಿಲ್ಲ. ಕರಿಮೋಡ ಅಣ್ಣ ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ, ರಜೆ ಹಾಕಿ ಬರ್ತಾರಂತೆ. ಕಪ್ಪುಹಲಗೆ ಮೇಡಂ, ಮೀಟಿಂಗ್‌ಗೆ ಮುಂಚೆ ಟೀಚರ್‌ಗೆ ಒಂದು ಇಮೇಲ್ ಹಾಕಬೇಕಾ? ಹಾಕೋದಾದ್ರೆ ಏನಂತ? ನನಗೆ ಬರೆಯೋಕೆ ಕೂತ್ರೆ ಒಂದೋ ಕ್ಷಮೆ ಕೇಳಿದ ಹಾಗೆ ಆಗುತ್ತೆ, ಇಲ್ಲಾ ದೂರು ಕೊಟ್ಟ ಹಾಗೆ.

ಕಪ್ಪುಹಲಗೆ:
ಖಂಡಿತ ಹಾಕಿ, ಟೀಚರ್‌ಗೆ ಯೋಚಿಸಲು ಸಮಯ ಸಿಗುತ್ತದೆ. ಹೀಗೆ ಬರೆಯಬಹುದು, ಇಂಗ್ಲಿಷಿಗೆ ನಿಮ್ಮ ಮಾತಿನಲ್ಲೇ ತನ್ನಿ:

"ಮುಂದಿನ ವಾರ ನಿಮ್ಮನ್ನು ಭೇಟಿಯಾಗುವುದಕ್ಕೆ ಕಾಯುತ್ತಿದ್ದೇವೆ. ಗಣಿತದ ಬಗ್ಗೆ ಮಾತಾಡಲು ಸ್ವಲ್ಪ ಸಮಯ ಇಟ್ಟುಕೊಳ್ಳಬಹುದೇ? ಇತ್ತೀಚೆಗೆ ಅವಳು ಕೆಲಸವನ್ನು ಬೇಕೆಂದೇ ನಿಧಾನ ಮಾಡುತ್ತಿದ್ದೇನೆ ಎಂದು ನಮಗೆ ಹೇಳಿದಳು, ಸೋಮವಾರ ಶಾಲೆಗೆ ಹೊರಡಲು ಹಿಂಜರಿಯುತ್ತಿದ್ದಾಳೆ. ತರಗತಿಯಲ್ಲಿ ನಿಮಗೆ ಏನು ಕಾಣಿಸುತ್ತಿದೆ ಎಂದು ತಿಳಿಯುವ ಆಸೆ ನಮಗೆ. ಮ್ಯಾಪ್‌ನ ವಿಭಾಗವಾರು ವರದಿ ಇದ್ದರೆ ಅಂದು ಒಟ್ಟಿಗೆ ನೋಡೋಣ. ಹಂತಗಳನ್ನು ಬರೆಯುವ ಅಭ್ಯಾಸಕ್ಕೆ ಮನೆಯಲ್ಲಿ ನಾವು ಏನು ಮಾಡಬೇಕು ಎಂದೂ ಹೇಳಿ."

ಇಷ್ಟೇ ಸಾಕು. ಕ್ಷಮೆಯೂ ಬೇಡ, ದೂರೂ ಬೇಡ. ಕಾಲು ಗಂಟೆ ಸಾಲದಿದ್ದರೆ ಬೇರೆ ದಿನ ಸಮಯ ಕೇಳಿ, ಕೊಡುತ್ತಾರೆ. ಆರು ವಾರ ಕಳೆದೂ ಏನೂ ಬದಲಾಗದಿದ್ದರೆ ಆಗ ಜಿಲ್ಲೆಯ ಗಿಫ್ಟೆಡ್ ಸಂಯೋಜಕರಿಗೆ, ಆಮೇಲೆ ಪ್ರಿನ್ಸಿಪಾಲರಿಗೆ. ಟೀಚರ್‌ಗೆ ತಿಳಿಸದೆ ಮಾತ್ರ ಮೇಲೆ ಹೋಗಬೇಡಿ. ವಸಂತದಲ್ಲಿ ಮುಂದಿನ ವರ್ಷದ ತರಗತಿಗಳನ್ನು ಹಂಚುವ ಮುಂಚೆ, ಇವಳಂಥ ನಾಲ್ಕೈದು ಮಕ್ಕಳನ್ನು ಒಂದೇ ತರಗತಿಯಲ್ಲಿ ಇಡಲು ಸಾಧ್ಯವೇ ಎಂದು ಪ್ರಿನ್ಸಿಪಾಲರಿಗೆ ಒಂದು ಸಾಲು ಬರೆಯಿರಿ. ಇವಳಿಗೆ ಜೊತೆಗಾರರು ಸಿಗುತ್ತಾರೆ, ಟೀಚರ್‌ಗೂ ಒಂದು ಗುಂಪಿಗೆ ಪಾಠ ತಯಾರಿಸುವುದು ಒಬ್ಬಳಿಗೆ ತಯಾರಿಸುವುದಕ್ಕಿಂತ ಸುಲಭ.

ಹೊಂಗೆಮರ:
ಮೇಡಂ, ನಮ್ಮ ಶಾಲೆಯಲ್ಲಿ ಆ ಮ್ಯಾಪ್ ರಿಪೋರ್ಟ್ ಪೋಷಕರಿಗೆ ಕೊಡಲ್ಲ ಅಂದರು. ಪರ್ಸೆಂಟೈಲ್ ಮಾತ್ರ ಬಾಯಲ್ಲಿ ಹೇಳಿದರು. ಕೇಳಬಹುದಾ?

ಕಪ್ಪುಹಲಗೆ:
ಕೇಳಬಹುದು. 1974ರ ಫೆರ್ಪಾ ಕಾಯ್ದೆಯ ಪ್ರಕಾರ ಮಗುವಿನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಪೋಷಕರಿಗಿದೆ, ಕೇಳಿದ 45 ದಿನದೊಳಗೆ ಶಾಲೆ ತೋರಿಸಬೇಕು. ಕಾಯ್ದೆಯ ಹೆಸರು ಮೊದಲ ಇಮೇಲ್‌ನಲ್ಲೇ ಬೇಡ. "ಮನೆಯಲ್ಲಿ ಸಹಾಯ ಮಾಡಲು ಬೇಕಿತ್ತು" ಎಂದು ಆಫೀಸಿಗೆ ಬರವಣಿಗೆಯಲ್ಲಿ ಕೇಳಿ, ಸಾಮಾನ್ಯವಾಗಿ ಅಷ್ಟಕ್ಕೇ ಕೊಡುತ್ತಾರೆ. ಮ್ಯಾಪ್‌ನಲ್ಲಿ ಫ್ಯಾಮಿಲಿ ರಿಪೋರ್ಟ್ ಅಂತ ಪೋಷಕರಿಗೆಂದೇ ಮಾಡಿದ್ದು ಒಂದಿದೆ, ಆ ಹೆಸರನ್ನೇ ಹೇಳಿ ಕೇಳಿ.